ಮೂರು ಟನ್ನಿನ ಕ್ಯಾರವಾನ್, ಎರಡು ಟೊಯೋಟಾಗಳು ಮತ್ತು ಡೀಸೆಲ್ ಲೆಕ್ಕ: ಒಂದು ಪ್ರಕರಣ ಅಧ್ಯಯನ

ಮೆಲ್ಬರ್ನ್ ನಗರದ ಪಶ್ಚಿಮ ಭಾಗದಲ್ಲಿ ನೆಲೆಸಿರುವ ಕನ್ನಡ ಕುಟುಂಬವೊಂದು ತನ್ನ ಬಳಿಯಿದ್ದ ಟೊಯೋಟಾ ಪ್ರಾಡೊ ವಾಹನವನ್ನು ಮಾರಿ, ಅದಕ್ಕಿಂತ ದೊಡ್ಡದಾದ ಲ್ಯಾಂಡ್‌ಕ್ರೂಸರ್ 300 ಕೊಳ್ಳಬೇಕೇ ಬೇಡವೇ ಎಂದು ಹಲವು ತಿಂಗಳು ಚರ್ಚಿಸಿತು. ಗಂಡ, ಹೆಂಡತಿ ಮತ್ತು ಶಾಲೆಗೆ ಹೋಗುವ ಇಬ್ಬರು ಮಕ್ಕಳಿರುವ ಈ ಮನೆಯವರು ದೀರ್ಘ ಸೇವಾ ರಜೆಯನ್ನು ಒಟ್ಟಿಗೆ ಪಡೆದು, ಆಸ್ಟ್ರೇಲಿಯದ ಒಂದನೆಯ ಹೆದ್ದಾರಿಯನ್ನು ಅನುಸರಿಸಿ ಇಡೀ ಖಂಡವನ್ನು ಕ್ಯಾರವಾನಿನೊಂದಿಗೆ, ಅಂದರೆ ವಾಹನದ ಹಿಂದೆ ಕಟ್ಟಿ ಎಳೆಯುವ ಗಾಲಿಮನೆಯೊಂದಿಗೆ, ಸುತ್ತಿಬರಬೇಕೆಂದು ತೀರ್ಮಾನಿಸಿದ್ದರು. ಹೆದ್ದಾರಿಯ ಸುತ್ತು ಸುಮಾರು 14,500 ಕಿಲೋಮೀಟರು. ಒಳನಾಡಿನ ಉಲೂರುವಿನಂಥ ಕಡೆಗಳಿಗೆ ಹೋಗಿಬರುವ ದಾರಿ ಮತ್ತು ಊರೂರಿನ ತಿರುಗಾಟವನ್ನು ಸೇರಿಸಿದರೆ ಒಟ್ಟು 25,000 ಕಿಲೋಮೀಟರು ಆಗಬಹುದೆಂದು ಅವರು ಅಂದಾಜು ಮಾಡಿದ್ದರು. ಲೆಕ್ಕ ಹಾಕಿಕೊಡುವ ಕೆಲಸ ನನ್ನ ಪಾಲಿಗೆ ಬಂದಿದ್ದರಿಂದ ಈ ಪ್ರಕರಣದ ವಿವರಗಳು ನನಗೆ ಹತ್ತಿರದಿಂದ ಗೊತ್ತು.

ಅವರು ನನ್ನ ಮುಂದಿಟ್ಟ ಪ್ರಶ್ನೆ ಒಂದೇ ಆಗಿತ್ತು: ದೊಡ್ಡ ವಾಹನ ಎಷ್ಟು ಹೆಚ್ಚು ಡೀಸೆಲ್ ಕುಡಿಯುತ್ತದೆ? ಕಂಪನಿ ಪ್ರಕಟಿಸಿದ ಅಂಕಿಗಳ ಪ್ರಕಾರ ಅವರ ಪ್ರಾಡೊ 100 ಕಿಲೋಮೀಟರಿಗೆ 7.9 ಲೀಟರ್, ಲ್ಯಾಂಡ್‌ಕ್ರೂಸರ್ 300 ಅದೇ ದೂರಕ್ಕೆ 8.9 ಲೀಟರ್. ಈ ಒಂದು ಲೀಟರಿನ ಅಂತರವೇ ಮನೆಯಲ್ಲಿ ವಾಗ್ವಾದದ ಮೂಲವಾಗಿತ್ತು. ಈ ಅಂಕಿಗಳೆರಡೂ ಹಿಂದೆ ಏನನ್ನೂ ಕಟ್ಟಿಕೊಳ್ಳದೆ, ಪ್ರಯೋಗಾಲಯದ ಉರುಳೆಗಳ ಮೇಲೆ ಓಡಿದ ವಾಹನಗಳವು. ಕ್ಯಾರವಾನ್ ಎಳೆಯುವವರು ಮೊದಲು ಕೇಳಬೇಕಾದದ್ದು ಇಂಧನದ ಪ್ರಶ್ನೆಯಲ್ಲ, ತೂಕದ ಪ್ರಶ್ನೆ ಎಂಬುದು ನನ್ನ ನಿಲುವು. ಹಾಗಾಗಿ ಚರ್ಚೆ ಅಲ್ಲಿಂದಲೇ ಮೊದಲಾಯಿತು.

ತೂಕದ ಲೆಕ್ಕ

ಅವರು ಮೊದಲು ಮೆಚ್ಚಿಕೊಂಡಿದ್ದ ಕ್ಯಾರವಾನಿನಲ್ಲಿ ಮಕ್ಕಳಿಗೆ ಮೇಲೊಂದು ಕೆಳಗೊಂದು ಮಂಚ, ಸ್ನಾನದ ಮನೆ, ಬಟ್ಟೆ ಒಗೆಯುವ ಯಂತ್ರ, ತಲಾ 95 ಲೀಟರಿನ ಎರಡು ನೀರಿನ ಟ್ಯಾಂಕ್ ಎಲ್ಲವೂ ಇದ್ದವು. ಖಾಲಿ ಇದ್ದಾಗಿನ ಅದರ ತೂಕ, ಅಂದರೆ ಟೇರ್, 2,650 ಕಿಲೋ. ತುಂಬಿದಾಗ ಮೀರಬಾರದ ಗರಿಷ್ಠ ತೂಕ, ಅಂದರೆ ಎಟಿಎಂ, 3,300 ಕಿಲೋ. ಅವರ ಪ್ರಾಡೊ 150 ಸರಣಿಯದು, 2.8 ಲೀಟರಿನ ಡೀಸೆಲ್ ಎಂಜಿನ್, 150 ಕಿಲೋವ್ಯಾಟ್ ಶಕ್ತಿ, 500 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ಬ್ರೇಕ್ ಇರುವ ಟ್ರೇಲರನ್ನು ಅದು ಕಾನೂನುಬದ್ಧವಾಗಿ ಎಳೆಯಬಹುದಾದ ಮಿತಿ 3,000 ಕಿಲೋ. ದೊಡ್ಡ ವಾಹನದ ಆಲೋಚನೆ ಹುಟ್ಟಿದ್ದೇ ಈ 300 ಕಿಲೋ ವ್ಯತ್ಯಾಸದಿಂದ. ಲ್ಯಾಂಡ್‌ಕ್ರೂಸರ್ 300 ವಾಹನದಲ್ಲಿ 3.3 ಲೀಟರಿನ ವಿ6 ಡೀಸೆಲ್ ಎಂಜಿನ್, 227 ಕಿಲೋವ್ಯಾಟ್, 700 ನ್ಯೂಟನ್ ಮೀಟರ್. ಎಳೆಯುವ ಮಿತಿ 3,500 ಕಿಲೋ. ಇಷ್ಟನ್ನು ಮಾತ್ರ ನೋಡಿದರೆ ಸಮಸ್ಯೆ ಬಗೆಹರಿದಂತೆಯೇ ಕಾಣುತ್ತದೆ.

ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಬರುವ 3,500 ಎಂಬ ಅಂಕಿಗೆ ಅದರ ಪಕ್ಕದ ಎರಡು ಅಂಕಿಗಳಿಲ್ಲದೆ ಅರ್ಥವಿಲ್ಲ. ವಾಹನ ತನ್ನ ಮೈಮೇಲೆ ಹೊರುವ ಎಲ್ಲವೂ ಸೇರಿ ಮೀರಬಾರದ ತೂಕ ಜಿವಿಎಂ. ವಾಹನ ಮತ್ತು ಕ್ಯಾರವಾನ್ ಎರಡೂ ಸೇರಿ ಮೀರಬಾರದ ತೂಕ ಜಿಸಿಎಂ. ಪ್ರಾಡೊಗೆ ಇವು 2,990 ಮತ್ತು 5,990 ಕಿಲೋ. ಲ್ಯಾಂಡ್‌ಕ್ರೂಸರ್ 300ಕ್ಕೆ 3,280 ಮತ್ತು 6,750 ಕಿಲೋ. ಲ್ಯಾಂಡ್‌ಕ್ರೂಸರಿನ ಜಿಎಕ್ಸ್‌ಎಲ್ ಮಾದರಿಯ ಸ್ವಂತ ತೂಕವೇ ಸುಮಾರು 2,580 ಕಿಲೋ ಆಗಿರುವುದರಿಂದ ಜನ ಮತ್ತು ಸಾಮಾನಿಗೆ ಉಳಿಯುವುದು 700 ಕಿಲೋ ಮಾತ್ರ. ಪ್ರಾಡೊದಲ್ಲಿ ಉಳಿಯುವುದು ಸುಮಾರು 660 ಕಿಲೋ. ಬೆಲೆಯಲ್ಲಿ ಹತ್ತಾರು ಸಾವಿರ ಡಾಲರ್ ಅಂತರವಿರುವ ಈ ಎರಡು ವಾಹನಗಳು ಹೊರುವ ಭಾರದಲ್ಲಿ ಸುಮಾರು ನಲವತ್ತು ಕಿಲೋ ಮಾತ್ರ ವ್ಯತ್ಯಾಸ ತೋರಿಸುತ್ತವೆ ಎಂಬ ಸಂಗತಿಯನ್ನು ದಂಪತಿ ಮೊದಲು ನಂಬಲಿಲ್ಲ. ವಾಹನದ ಮೇಲಿನ ಫಲಕವನ್ನು ಓದಿದ ಮೇಲೆ ನಂಬಿದರು.

ಈ 700 ಕಿಲೋ ಬೇಗನೆ ಕರಗುತ್ತದೆ. ನಾಲ್ವರ ಮೈತೂಕ ಒಟ್ಟು 260. ಕ್ಯಾರವಾನಿನ ಕೊಕ್ಕೆ ವಾಹನದ ಹಿಂಭಾಗದ ಮೇಲೆ ಒತ್ತುವ ಭಾರ, ಇಲ್ಲಿಯವರು ಬಾಲ್ ವೆಯ್ಟ್ ಎನ್ನುವುದು, ಸಾಮಾನ್ಯವಾಗಿ ಕ್ಯಾರವಾನಿನ ತೂಕದ ಹತ್ತರಲ್ಲೊಂದು ಪಾಲು. ತುಂಬಿದ 3,300 ಕಿಲೋಗೆ 330. ಕೊಕ್ಕೆಯನ್ನು ಹಿಡಿದಿಡಲು ವಾಹನದ ಹಿಂದೆ ಜೋಡಿಸುವ ಟೋಬಾರಿನ ಉಕ್ಕಿಗೆ ಸುಮಾರು 30. ಉಳಿದದ್ದು 80 ಕಿಲೋ. ಕಾಂಗರೂ ಅಡ್ಡಬಂದರೆ ಇರಲಿ ಎಂದು ಮುಂದೊಂದು ಬುಲ್‌ಬಾರ್, ಮೇಲೊಂದು ರೂಫ್ ರ‍್ಯಾಕ್, ಒಳಗೊಂದು ಫ್ರಿಜ್, ಹೆಚ್ಚುವರಿ ಬ್ಯಾಟರಿ ಎಂದು ಯಜಮಾನರು ಬರೆದಿಟ್ಟಿದ್ದ ಪಟ್ಟಿ ಅದರ ಎರಡರಷ್ಟು ಭಾರದ್ದಾಗಿತ್ತು. ಅಂದರೆ ಆ ಕ್ಯಾರವಾನಿಗೆ ಲ್ಯಾಂಡ್‌ಕ್ರೂಸರ್ ಕೂಡ ಸಾಲದಾಗಿತ್ತು. ಮಾರಾಟದ ಕಾಗದದಲ್ಲಿ ಬಾಲ್ ವೆಯ್ಟ್ 210 ಎಂದಿತ್ತಲ್ಲ ಎಂದು ಅವರು ಕೇಳಿದರು. ಅದು ಟ್ಯಾಂಕುಗಳೂ ಕಪಾಟುಗಳೂ ಖಾಲಿಯಿದ್ದಾಗಿನ ಅಂಕಿ.

ಬಾಲ್ ವೆಯ್ಟ್ ಏಕೆ ಇಷ್ಟು ಮುಖ್ಯ ಎಂಬುದನ್ನು ವಿವರಿಸಲು ನನಗೆ ಹೊಳೆದದ್ದು ನಮ್ಮ ಎತ್ತಿನ ಗಾಡಿ. ಹೇರನ್ನು ತೀರ ಹಿಂದಕ್ಕೆ ಹೇರಿದರೆ ಮೂಕಿ ಎದ್ದು ಗಾಡಿ ತೂಗಾಡುತ್ತದೆ, ತೀರ ಮುಂದಕ್ಕೆ ಹೇರಿದರೆ ಎತ್ತಿನ ಹೆಗಲು ಕುಸಿಯುತ್ತದೆ. ಮಂಡ್ಯ ಕಡೆಯ ಕಬ್ಬಿನ ಗಾಡಿಗಳನ್ನು ನೋಡಿ ಬೆಳೆದಿದ್ದ ಗೃಹಿಣಿಗೆ ಇದು ಕೂಡಲೇ ತಿಳಿಯಿತು. ವಾಹನದಲ್ಲಿ ಇದರ ಮೇಲೆ ಸನ್ನೆಕೋಲಿನ ಪರಿಣಾಮವೊಂದು ಸೇರಿಕೊಳ್ಳುತ್ತದೆ. ಕೊಕ್ಕೆಯ ಗುಂಡು ಹಿಂದಿನ ಅಚ್ಚಿನಿಂದ ಸುಮಾರು 1.2 ಮೀಟರ್ ಆಚೆಗಿದ್ದು, ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಣ ಅಂತರ 2.85 ಮೀಟರ್ ಆಗಿದ್ದರೆ, 300 ಕಿಲೋ ಒತ್ತಡವು ಹಿಂದಿನ ಚಕ್ರಗಳ ಮೇಲೆ 426 ಕಿಲೋ ಆಗಿ ಬೀಳುತ್ತದೆ ಮತ್ತು ಮುಂದಿನ ಚಕ್ರಗಳಿಂದ 126 ಕಿಲೋ ಎತ್ತಿಬಿಡುತ್ತದೆ. ಸ್ಟೀರಿಂಗ್ ಹಗುರಾಗುವುದು, ರಾತ್ರಿ ದೀಪಗಳು ಆಕಾಶಕ್ಕೆ ಮುಖ ಮಾಡುವುದು ಇದರಿಂದಲೇ. ತೂಕ ಹಂಚುವ ಸರಪಳಿ ಕೊಕ್ಕೆ ಇದನ್ನು ಸ್ವಲ್ಪ ಮಟ್ಟಿಗೆ ಸರಿದೂಗಿಸುತ್ತದೆ, ಆದರೆ ಜಿವಿಎಂ ಮಿತಿಯನ್ನು ಅದು ಏರಿಸುವುದಿಲ್ಲ. ಮಿತಿ ಏರಿಸಲು ಸ್ಪ್ರಿಂಗ್ ಮತ್ತು ಡ್ಯಾಂಪರುಗಳನ್ನು ಬದಲಿಸಿ ಪ್ರಮಾಣಪತ್ರ ಪಡೆಯುವ ಮಾರ್ಗವಿದೆ. ವಾಹನದ ಮೊದಲ ನೋಂದಣಿಗೆ ಮುನ್ನವೇ ಮಾಡಿಸಿದರೆ ಅದು ದೇಶದಾದ್ಯಂತ ಸಲ್ಲುತ್ತದೆ, ಆಮೇಲೆ ಮಾಡಿಸಿದರೆ ಆಯಾ ರಾಜ್ಯದ ಎಂಜಿನಿಯರಿನ ಅನುಮೋದನೆ ಬೇಕಾಗುತ್ತದೆ. ಇವರು ನೋಡುತ್ತಿದ್ದದ್ದು ಬಳಸಿದ ವಾಹನವಾದ್ದರಿಂದ ಆ ಖರ್ಚು ಬೇಡವೆಂದರು.

ಬೇರೆ ವಾಹನಗಳನ್ನೂ ತೂಗಿ ನೋಡಿದೆವು. ಇಸುಜು ಎಂಯು-ಎಕ್ಸ್ ಕೂಡ 3,500 ಕಿಲೋ ಎಳೆಯುತ್ತದೆ ಎನ್ನುತ್ತಾರೆ, ಆದರೆ ಅದರ ಜಿಸಿಎಂ 5,900. ಹಿಂದೆ 3,500 ಇದ್ದರೆ ವಾಹನಕ್ಕೆ ಉಳಿಯುವುದು 2,400, ಅದರಲ್ಲಿ ಸ್ವಂತ ತೂಕವೇ ಸುಮಾರು 2,150. ಹೊಸ ಪ್ರಾಡೊ 250 ಸರಣಿ 3,500 ಕಿಲೋ ಎಳೆಯುವ ಅನುಮತಿ ಪಡೆದಿದೆಯಾದರೂ ಎಂಜಿನ್ನಿನ ಶಕ್ತಿ ಹಳೆಯ 150 ಕಿಲೋವ್ಯಾಟೇ. ಸ್ನೇಹಿತರೊಬ್ಬರು 4,500 ಕಿಲೋ ಎಳೆಯುವ ರ‍್ಯಾಮ್ 1500 ಪಿಕಪ್ಪನ್ನು ಹೊಗಳಿದ್ದರು. ಪೆಟ್ರೋಲ್ ವಿ8 ಎಂಜಿನ್ನಿನ ಆ ವಾಹನ ಇವರ ಗ್ಯಾರೇಜಿನೊಳಗೇ ಹಿಡಿಸುವಂತಿರಲಿಲ್ಲವಾದ್ದರಿಂದ ಆ ಮಾತು ಅಲ್ಲಿಗೇ ನಿಂತಿತು.

ಕೊನೆಗೆ ಬದಲಾದದ್ದು ಕ್ಯಾರವಾನ್. ಬಟ್ಟೆ ಒಗೆಯುವ ಯಂತ್ರವಿಲ್ಲದ, ಸ್ವಲ್ಪ ಗಿಡ್ಡನಾದ, 2,250 ಕಿಲೋ ಟೇರ್ ಮತ್ತು 2,900 ಕಿಲೋ ಎಟಿಎಂ ಉಳ್ಳ ಮತ್ತೊಂದನ್ನು ಅವರು ಆರಿಸಿಕೊಂಡರು. ಅದನ್ನು ಎಳೆಯಲು ಹಳೆಯ ಪ್ರಾಡೊಗೂ ಕಾನೂನಿನ ಅಡ್ಡಿಯಿರಲಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಅಂಶ. 660 ಕಿಲೋದಲ್ಲಿ ಜನರಿಗೆ 260, ಬಾಲ್ ವೆಯ್ಟ್‌ಗೆ 290, ಟೋಬಾರಿಗೆ 30 ಕಳೆದರೂ 80 ಕಿಲೋ ಉಳಿಯುತ್ತಿತ್ತು. ದೊಡ್ಡ ವಾಹನವನ್ನು ಕೊಳ್ಳಲು ಇದ್ದ ಮೊದಲ ಕಾರಣ ಹೀಗೆ ಇಲ್ಲವಾದ ಮೇಲೆ, ಇಂಧನದ ಪ್ರಶ್ನೆಗೆ ಈಗ ನಿಜವಾದ ತೂಕ ಬಂತು.

ಡೀಸೆಲ್ ಎಲ್ಲಿ ಹೋಗುತ್ತದೆ

ಎರಡೂವರೆ ಮೀಟರ್ ಅಗಲದ, ಮೂರು ಮೀಟರಿನಷ್ಟು ಎತ್ತರದ ಚಪ್ಪಟೆ ಗೋಡೆಯೊಂದನ್ನು ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಗಾಳಿಗೆ ಎದುರಾಗಿ ನೂಕುವುದೇ ಕ್ಯಾರವಾನ್ ಎಳೆಯುವ ಕೆಲಸ. ಗಾಳಿಗೆ ಎದುರಾಗುವ ವಿಸ್ತೀರ್ಣ 6.5 ಚದರ ಮೀಟರ್, ಗಾಳಿಯ ಪ್ರತಿರೋಧದ ಗುಣಾಂಕ 0.65, ವಾಹನ ಮತ್ತು ಕ್ಯಾರವಾನ್ ಸೇರಿ 5,600 ಕಿಲೋ, ಚಕ್ರಗಳ ಉರುಳು ಪ್ರತಿರೋಧ ತೂಕದ ಶೇಕಡಾ 1 ಎಂದು ಹಿಡಿದು ನಾನು ಲೆಕ್ಕ ಹಾಕಿದೆ. 100 ಕಿಲೋಮೀಟರ್ ವೇಗದಲ್ಲಿ ಗಾಳಿಯ ತಡೆ ಸುಮಾರು 1,960 ನ್ಯೂಟನ್, ಚಕ್ರಗಳ ತಡೆ 550 ನ್ಯೂಟನ್. ಶ್ರಮದಲ್ಲಿ ಮುಕ್ಕಾಲಿಗೂ ಹೆಚ್ಚು ಪಾಲು ಗಾಳಿಗೇ ಸಲ್ಲುತ್ತದೆ. ಒಂದು ಲೀಟರ್ ಡೀಸೆಲ್ಲಿನಲ್ಲಿ ಸುಮಾರು 10 ಕಿಲೋವ್ಯಾಟ್ ಗಂಟೆ ಶಕ್ತಿಯಿದ್ದು ಅದರ ಮೂರನೆಯ ಒಂದು ಪಾಲು ಚಕ್ರಗಳಿಗೆ ತಲುಪುತ್ತದೆಂದು ಭಾವಿಸಿದರೆ, ನೂರು ಕಿಲೋಮೀಟರಿಗೆ 21 ಲೀಟರ್ ಬೇಕು. ನಮ್ಮ ರೂಢಿಯ ಲೆಕ್ಕದಲ್ಲಿ ಲೀಟರಿಗೆ ಐದು ಕಿಲೋಮೀಟರಿಗಿಂತ ಕಡಿಮೆ.

ಈ ಲೆಕ್ಕದಲ್ಲಿ ವಾಹನದ ಹೆಸರು ಎಲ್ಲಿಯೂ ಬರುವುದಿಲ್ಲ ಎಂಬುದನ್ನು ಗಮನಿಸಬೇಕು. ಗಾಳಿಗೆ ಎದುರಾಗುವ ಗೋಡೆ ಕ್ಯಾರವಾನಿನದು; ಅದನ್ನು ಪ್ರಾಡೊ ಎಳೆದರೂ ಲ್ಯಾಂಡ್‌ಕ್ರೂಸರ್ ಎಳೆದರೂ ಗೋಡೆ ಅಷ್ಟೇ ದೊಡ್ಡದು. ಎಂಜಿನ್ನುಗಳ ದಕ್ಷತೆಯಲ್ಲಿ ಸಣ್ಣಪುಟ್ಟ ವ್ಯತ್ಯಾಸವಿರಬಹುದು. ದೊಡ್ಡ ವಾಹನ ತಾನೇ ಸುಮಾರು 250 ಕಿಲೋ ಹೆಚ್ಚು ಭಾರವಿದ್ದು ಅದಕ್ಕೊಂದಿಷ್ಟು ಡೀಸೆಲ್ ಹೋಗುತ್ತದೆ. ಅದಕ್ಕಿರುವ ಹತ್ತು ಗೇರುಗಳು ಎಂಜಿನ್ನನ್ನು ಹಿತವಾದ ವೇಗದಲ್ಲಿ ಇರಿಸಿ ಅದರಲ್ಲಿ ಕೆಲವಷ್ಟನ್ನು ಮರಳಿ ಕೊಡುತ್ತವೆ. ಆರು ಗೇರಿನ ಪ್ರಾಡೊ ಇಂಥ ಭಾರಕ್ಕೆ ಪದೇ ಪದೇ ಕೆಳಗಿನ ಗೇರಿಗೆ ಇಳಿಯುತ್ತದೆ. ಕಟ್ಟಿಕೊಂಡು ಓಡುವಾಗ ಎರಡರ ಖರ್ಚೂ ಹೆಚ್ಚುಕಡಿಮೆ ಒಂದೇ ಎಂಬ ನನ್ನ ತೀರ್ಮಾನಕ್ಕೆ ಆಧಾರ ಇದು.

ವೇಗದ ವಿಷಯ ಹಾಗಲ್ಲ. ಅದೇ ಅಂದಾಜಿನ ಮೇಲೆ 90 ಕಿಲೋಮೀಟರ್ ವೇಗಕ್ಕೆ 18 ಲೀಟರ್, 80ಕ್ಕೆ 15 ಲೀಟರ್ ಸಾಕು. 90ರಲ್ಲಿ ಹೋಗುವಾಗ ಎದುರಿನಿಂದ ಗಂಟೆಗೆ 20 ಕಿಲೋಮೀಟರ್ ಗಾಳಿ ಬೀಸಿದರೆ ಅದು 24 ಲೀಟರನ್ನು ದಾಟುತ್ತದೆ. ನಲ್ಲರ್‌ಬೋರ್ ಬಯಲಿನಲ್ಲಿ ಮರೆ ಮಾಡಲು ಒಂದು ಮರವೂ ಇಲ್ಲ. ಸೆಡೂನಾ ಊರಿನಿಂದ ನಾರ್ಸ್‌ಮನ್ ಊರಿಗೆ ಸುಮಾರು 1,200 ಕಿಲೋಮೀಟರ್. ಆ ದಾರಿಯಲ್ಲಿ 146.6 ಕಿಲೋಮೀಟರ್ ಉದ್ದಕ್ಕೂ ಒಂದು ತಿರುವೂ ಇಲ್ಲದ ಭಾಗವಿದೆ. ಎದುರುಗಾಳಿಯ ದಿನ ಅಲ್ಲಿ ನಿಂತುಬಿಡುವುದೇ ಅತ್ಯುತ್ತಮ ಇಂಧನ ಉಳಿತಾಯ ಎಂದು ನಾನು ಹೇಳಿದ್ದು ತಮಾಷೆಗಲ್ಲ.

25,000 ಕಿಲೋಮೀಟರಿನಲ್ಲಿ 15,000 ಕಟ್ಟಿಕೊಂಡು, 10,000 ಬಿಚ್ಚಿಟ್ಟು ಓಡಿಸುವುದೆಂದು ಇಟ್ಟುಕೊಂಡೆವು. ಡೀಸೆಲ್ಲಿಗೆ ಲೀಟರಿಗೆ 2 ಡಾಲರ್. ಬಿಚ್ಚಿಟ್ಟು ಓಡಿಸುವಾಗ ಲ್ಯಾಂಡ್‌ಕ್ರೂಸರ್ ಪ್ರಾಡೊಗಿಂತ ನೂರು ಕಿಲೋಮೀಟರಿಗೆ ಒಂದೂವರೆ ಲೀಟರ್ ಹೆಚ್ಚು ಬಳಸುತ್ತದೆಂದು, ಅಂದರೆ ಕಂಪನಿಯ ಅಂಕಿಗಳ ಅಂತರಕ್ಕಿಂತ ಸ್ವಲ್ಪ ಹೆಚ್ಚಾಗಿಯೇ ಹಿಡಿದೆವು. ಇಡೀ ಪ್ರವಾಸದಲ್ಲಿ ದೊಡ್ಡ ವಾಹನದ ಹೆಚ್ಚುವರಿ ಖರ್ಚು 150 ಲೀಟರ್, ಅಂದರೆ 300 ಡಾಲರ್. ಕಟ್ಟಿಕೊಂಡು ಹೋಗುವಾಗ 100ರ ಬದಲು 90ರಲ್ಲಿ ಓಡಿಸಿದರೆ ಆಗುವ ಉಳಿತಾಯ ಸುಮಾರು 450 ಲೀಟರ್, ಅಂದರೆ 900 ಡಾಲರ್. ಯಾವ ವಾಹನ ಕೊಳ್ಳಬೇಕೆಂದು ಮನೆಯಲ್ಲಿ ನಡೆದ ವಾದಕ್ಕಿಂತ, ಚಾಲಕನ ಬಲಗಾಲು ಮೂರು ಪಟ್ಟು ದೊಡ್ಡ ವಿಷಯವಾಗಿತ್ತು. ಪಶ್ಚಿಮ ಆಸ್ಟ್ರೇಲಿಯದಲ್ಲಿ ಟ್ರೇಲರ್ ಎಳೆಯುವವರಿಗೆ ಕಾನೂನೇ 100 ಕಿಲೋಮೀಟರ್ ಮಿತಿ ಹಾಕಿದೆ. ಹಿಂದೆ ರೋಡ್ ಟ್ರೇನ್, ಅಂದರೆ ಹಲವು ಟ್ರೇಲರುಗಳನ್ನು ಎಳೆಯುವ ಉದ್ದನೆಯ ಲಾರಿ, ಬಂದಾಗ ಅದಕ್ಕೆ ದಾರಿ ಬಿಡಲು ಜಾಗ ಸಿಗುವವರೆಗೆ ಮಾತ್ರ 90ರ ಓಟ ಸ್ವಲ್ಪ ಮುಜುಗರದ್ದು.

ಟ್ಯಾಂಕಿನ ವಿಷಯದಲ್ಲಿ ಹಳೆಯ ವಾಹನವೇ ಮುಂದಿತ್ತು. ಪ್ರಾಡೊದ ಎರಡು ಟ್ಯಾಂಕುಗಳಲ್ಲಿ ಒಟ್ಟು 150 ಲೀಟರ್ ಹಿಡಿಸುತ್ತದೆ, ಲ್ಯಾಂಡ್‌ಕ್ರೂಸರ್ 300ರಲ್ಲಿ 110 ಲೀಟರ್ ಮಾತ್ರ. ನೂರಕ್ಕೆ 20 ಲೀಟರಿನಂತೆ ಮೊದಲನೆಯದು 750 ಕಿಲೋಮೀಟರ್, ಎರಡನೆಯದು 550 ಕಿಲೋಮೀಟರ್ ಹೋಗುತ್ತದೆ. ನಲ್ಲರ್‌ಬೋರಿನ ರೋಡ್‌ಹೌಸುಗಳು, ಅಂದರೆ ಹೆದ್ದಾರಿ ಬದಿಯ ಪಂಪಿರುವ ತಂಗುದಾಣಗಳು, ಒಂದರಿಂದೊಂದು 200 ಕಿಲೋಮೀಟರಿನೊಳಗೇ ಇರುವುದರಿಂದ, ಪಶ್ಚಿಮದಲ್ಲಿ ಸ್ಯಾಂಡ್‌ಫೈರ್‌ನಿಂದ ಬ್ರೂಮ್ ಸುಮಾರು 320 ಕಿಲೋಮೀಟರ್ ಆಗಿರುವುದರಿಂದ, ಡೀಸೆಲ್ ಮುಗಿದು ನಿಲ್ಲುವ ಭಯ ಇರಲಿಲ್ಲ. ಆದರೆ ಬೆಲೆ ಊರಿಗಿಂತ ರೋಡ್‌ಹೌಸುಗಳಲ್ಲಿ ಬಹಳ ಹೆಚ್ಚು. ಅಗ್ಗದ ಊರಿನಲ್ಲಿ ತುಂಬಿಸಿಕೊಂಡು ದುಬಾರಿ ಪಂಪನ್ನು ದಾಟಿ ಹೋಗುವ ಸ್ವಾತಂತ್ರ್ಯ 40 ಲೀಟರಿನಷ್ಟು ಕಡಿಮೆಯಾಯಿತು ಎಂಬುದನ್ನು ನಾನು ಲ್ಯಾಂಡ್‌ಕ್ರೂಸರಿನ ನಿಜವಾದ ಇಂಧನ ದೋಷವೆಂದು ಎಣಿಸುತ್ತೇನೆ.

ಏರು, ಇಳಿಜಾರು ಮತ್ತು ತೀರ್ಮಾನ

ಮೆಲ್ಬರ್ನಿನಿಂದ ಅಡಿಲೇಡ್ ಕಡೆಗೆ ಹೊರಟವರಿಗೆ ಬ್ಯಾಕಸ್ ಮಾರ್ಷ್ ದಾಟುತ್ತಿದ್ದಂತೆಯೇ ಪೆಂಟ್‌ಲ್ಯಾಂಡ್ ಹಿಲ್ಸ್ ಏರು ಎದುರಾಗುತ್ತದೆ. ಶೇಕಡಾ 6ರ ಏರಿನಲ್ಲಿ ಇಡೀ ಜೋಡಿಯನ್ನು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಏರಿಸಲು ಚಕ್ರಗಳ ಬಳಿ ಸುಮಾರು 113 ಕಿಲೋವ್ಯಾಟ್ ಬೇಕು. ಎಂಜಿನ್ನಿನಿಂದ ಚಕ್ರಕ್ಕೆ ಬರುವಷ್ಟರಲ್ಲಿ ಶೇಕಡಾ 15 ಸೋರಿಹೋಗುತ್ತದೆಂದರೆ ಪ್ರಾಡೊ ಕೊಡಬಲ್ಲದ್ದು 127, ಲ್ಯಾಂಡ್‌ಕ್ರೂಸರ್ ಕೊಡಬಲ್ಲದ್ದು 193. ಮೊದಲನೆಯದು ತನ್ನ ಶಕ್ತಿಯ ಹತ್ತರಲ್ಲಿ ಒಂಬತ್ತು ಪಾಲನ್ನು ಸುರಿಯಬೇಕು, ಎರಡನೆಯದು ಆರು ಪಾಲನ್ನು. ಚಳಿಗಾಲದ ಬೆಳಗ್ಗೆ ಪ್ರಾಡೊಗೂ ಇದು ಕಷ್ಟವಲ್ಲ. ಉತ್ತರದಲ್ಲಿ ನಲವತ್ತು ಡಿಗ್ರಿಯ ಮಧ್ಯಾಹ್ನ, ಏಸಿ ಓಡುತ್ತಿರುವಾಗ, ಗೇರ್‌ಪೆಟ್ಟಿಗೆಯ ಎಣ್ಣೆ ಕಾಯುತ್ತಿರುವಾಗ ಉಳಿದ ಆ ಒಂದು ಪಾಲು ಬಹಳ ಚಿಕ್ಕದು. ಇಳಿಜಾರಿನಲ್ಲಿಯೂ ಇದೇ ಮಾತು: ಮೌಂಟ್ ಲಾಫ್ಟಿ ಬೆಟ್ಟಸಾಲಿನಿಂದ ಅಡಿಲೇಡ್‌ಗೆ ಇಳಿಯುವ ಹೆದ್ದಾರಿಯಲ್ಲಿ ಲಾರಿಗಳಿಗೆ 60ರ ಮಿತಿ ಮತ್ತು ಕೆಳಗಿನ ಗೇರ್ ಕಡ್ಡಾಯವಾಗಿರುವುದು ಸುಮ್ಮನೆ ಅಲ್ಲ. ಮೂರು ಟನ್ನು ಹಿಂದಿನಿಂದ ತಳ್ಳುವಾಗ ಭಾರವಾದ ವಾಹನ ಮತ್ತು ದೊಡ್ಡ ಎಂಜಿನ್ನಿನ ತಡೆ ಎರಡೂ ನೆರವಿಗೆ ಬರುತ್ತವೆ.

ದಂಪತಿ ಎರಡು ವರ್ಷ ಬಳಸಿದ ಲ್ಯಾಂಡ್‌ಕ್ರೂಸರ್ ಕೊಂಡರು. ಯಜಮಾನರ ಮನಸ್ಸು ಮೊದಲಿನಿಂದಲೂ ಅದರ ಮೇಲೆಯೇ ಇತ್ತು ಎಂಬುದನ್ನು ಹೇಳದಿದ್ದರೆ ಪ್ರಕರಣ ಪೂರ್ಣವಾಗುವುದಿಲ್ಲ. ಆರಿಸಿಕೊಂಡ ಹಗುರ ಕ್ಯಾರವಾನಿಗೆ ಪ್ರಾಡೊ ಸಾಕಾಗುತ್ತಿತ್ತು, ಏರುಗಳಲ್ಲಿ 60ಕ್ಕೆ ಇಳಿದು ಲಾರಿಗಳ ಹಿಂದೆ ಸಾಗಲು ಒಪ್ಪಿದ್ದರೆ, ಎಂಬ ನನ್ನ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ. ಅವರು ಹಣ ಕೊಟ್ಟದ್ದು ಆ ಉಳಿಕೆ ಶಕ್ತಿಗೆ. ಅದನ್ನು ಮೈಲೇಜಿನ ಹೆಸರಿನಲ್ಲಿ ಸಮರ್ಥಿಸಲೂ ಆಗದು, ಖಂಡಿಸಲೂ ಆಗದು. ಹಳೆಯ ಲ್ಯಾಂಡ್‌ಕ್ರೂಸರುಗಳ ಮರುಮಾರಾಟದ ಬೆಲೆ ಆಸ್ಟ್ರೇಲಿಯದಲ್ಲಿ ಬೇಗ ಕುಸಿಯುವುದಿಲ್ಲವಾದ್ದರಿಂದ ಹಾಕಿದ ಹಣದಲ್ಲಿ ದೊಡ್ಡ ಪಾಲು ಮರಳಿ ಬರುವ ನಿರೀಕ್ಷೆಯೂ ಅವರಿಗಿತ್ತು.

ಹೊರಡುವ ಮುನ್ನ ಸಾರ್ವಜನಿಕ ವೇಬ್ರಿಡ್ಜ್‌ನಲ್ಲಿ ಎಲ್ಲವನ್ನೂ ತೂಗಿಸಿದರು. ಬುಲ್‌ಬಾರನ್ನೂ ರೂಫ್ ರ‍್ಯಾಕನ್ನೂ ಪಟ್ಟಿಯಿಂದ ತೆಗೆದಿದ್ದರೂ ವಾಹನ 3,250 ಕಿಲೋ ತೂಗಿತು. ಮಿತಿಗೆ ಮೂವತ್ತು ಕಿಲೋ ಬಾಕಿ. ಕ್ಯಾರವಾನ್ 2,780. ಹಿಂದಿನ ನೀರಿನ ಟ್ಯಾಂಕನ್ನು ಖಾಲಿ ಬಿಟ್ಟು ಮುಂದಿನದನ್ನು ಮಾತ್ರ ತುಂಬಿಸುವ ಏರ್ಪಾಡನ್ನು ಅಲ್ಲಿಯೇ ಮಾಡಿಕೊಂಡರು, ಏಕೆಂದರೆ ಎರಡೂ ತುಂಬಿದರೆ ಕ್ಯಾರವಾನಿನ ಎಟಿಎಂ ಅಂಚಿಗೆ ಬರುತ್ತಿತ್ತು ಮತ್ತು ಹಿಂಭಾರ ಹೆಚ್ಚಿ ಅದು ತೂಗಾಡುವ ಸಾಧ್ಯತೆಯಿತ್ತು. ಪ್ರವಾಸದುದ್ದಕ್ಕೂ ಗೃಹಿಣಿ ಬರೆದಿಟ್ಟ ಡೀಸೆಲ್ ಲೆಕ್ಕದಲ್ಲಿ ಕಟ್ಟಿಕೊಂಡು ಓಡಿದ ಸರಾಸರಿ ನೂರಕ್ಕೆ 19 ಲೀಟರಿನ ಆಸುಪಾಸಿನಲ್ಲಿತ್ತು. ದಕ್ಷಿಣದ ಎದುರುಗಾಳಿಯ ಒಂದೆರಡು ದಿನಗಳಲ್ಲಿ ಅದು 25ಕ್ಕೆ ಏರಿತ್ತು.

ಮರಳಿ ಬಂದ ಮೇಲಿನ ಲೆಕ್ಕವೇ ದೊಡ್ಡದು. ಯಜಮಾನರು ಕೆಲಸಕ್ಕೆ ಹೋಗಿಬರುವ ದಾರಿ ವರ್ಷಕ್ಕೆ ಸುಮಾರು 12,000 ಕಿಲೋಮೀಟರ್. ನಗರದ ದಟ್ಟಣೆಯಲ್ಲಿ ಲ್ಯಾಂಡ್‌ಕ್ರೂಸರ್ ನೂರಕ್ಕೆ 12 ಲೀಟರ್ ಕೇಳುತ್ತದೆ. ಮನೆಯಲ್ಲಿಯೇ ಇದ್ದ, ಗೃಹಿಣಿ ರೈಲು ನಿಲ್ದಾಣದವರೆಗೆ ಮಾತ್ರ ಓಡಿಸುತ್ತಿದ್ದ ಸಣ್ಣ ಹೈಬ್ರಿಡ್ ಕಾರು 5 ಲೀಟರ್ ಕೇಳುತ್ತದೆ. ಇಬ್ಬರೂ ಕೀಲಿಗಳನ್ನು ಅದಲುಬದಲು ಮಾಡಿಕೊಂಡರೆ ಆ ದಾರಿಯಲ್ಲಿ ವರ್ಷಕ್ಕೆ 840 ಲೀಟರ್ ಉಳಿಯುತ್ತದೆ. ನಿಲ್ದಾಣದ ದಾರಿ ತೀರ ಚಿಕ್ಕದಾದ್ದರಿಂದ ಅಲ್ಲಿ ಹೆಚ್ಚುವ ಖರ್ಚು ಇದರ ಮುಂದೆ ಅಲ್ಪ. ಅವರು ಈಗ ಹಾಗೆಯೇ ಮಾಡುತ್ತಿದ್ದಾರೆ. ನಿಲ್ದಾಣದ ಪಾರ್ಕಿಂಗ್‌ನಲ್ಲಿ ಲ್ಯಾಂಡ್‌ಕ್ರೂಸರಿಗೆ ಜಾಗ ಸಿಗಲೆಂದು ಗೃಹಿಣಿ ಮಾತ್ರ ಒಂದು ರೈಲು ಮುಂಚೆಯೇ ಹೊರಡಬೇಕಾಗಿದೆ.